ಐದು ಸಾವಿರದೊಳಗೆ ಓಮ್ನಿಗೆ ರೋಲರ್ ಪೇಂಟ್: ನನ್ನ ಅನುಭವ

ಸ್ಪ್ರೇ ಗನ್ ಇಲ್ಲ, ಕಂಪ್ರೆಸರ್ ಇಲ್ಲ. ಬರೀ ನಾಲ್ಕು ಇಂಚಿನ ಫೋಮ್ ರೋಲರ್ ಮತ್ತು ಗೇಟಿಗೆ ಹೊಡೆಯುವ ಎನಾಮಲ್‌ನಲ್ಲಿ ಇಡೀ ಗಾಡಿ ಪೇಂಟ್ ಮಾಡಿದ್ದೇನೆ. ಎರಡು ಮಳೆಗಾಲ ಕಳೆದರೂ ತಗಡಿನ ಮೇಲೆ ಎಲ್ಲೂ ಎದ್ದಿಲ್ಲ. ಮೊದಲೇ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ, ಅದಕ್ಕೆ ಇಷ್ಟು ದಿನ ಸುಮ್ನೆ ಇದ್ದೆ.

ಗಾಡಿ 2004ರ ಮಾರುತಿ ಓಮ್ನಿ ವ್ಯಾನ್. ಕೋಲಾರ ಎಪಿಎಂಸಿಗೆ ಟೊಮ್ಯಾಟೊ ಕ್ರೇಟು, ಬರುವಾಗ ಗೊಬ್ಬರ, ಡ್ರಿಪ್ ಪೈಪು ಹೀಗೆ ಹೊತ್ತು ಹೊತ್ತು ಸವೆದಿತ್ತು. ಹದಿನೈದು ವರ್ಷ ಆದಮೇಲೆ ಐದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್ ಇರುತ್ತಲ್ಲ, ಅದು ಹತ್ತಿರ ಬಂದಿತ್ತು. ಪೇಂಟರ್ ಒಬ್ಬರನ್ನು ಕೇಳಿದರೆ ಟಿಂಕರಿಂಗ್ ಸೇರಿ ಮೂವತ್ತು ಸಾವಿರದ ಹತ್ತಿರ ಹೇಳಿದರು. ಗಾಡಿ ಮಾರಿದರೆ ಅದರ ಎರಡರಷ್ಟು ಬಂದರೆ ಹೆಚ್ಚು. ನಾನೇ ರೋಲರ್‌ನಲ್ಲಿ ಹೊಡೀತೀನಿ ಅಂದೆ. "ಗೇಟಿನ ಪೇಂಟು ಗಾಡಿಗಾ ಅಣ್ಣಾ? ಮೂರು ತಿಂಗಳಿಗೆ ಹಪ್ಪಳದ ಹಾಗೆ ಏಳುತ್ತೆ ನೋಡು" ಅಂದರು.

ತುಕ್ಕು ತೆಗೆಯುವುದು, ಪಟ್ಟಿ (ತಗ್ಗು ತುಂಬುವ ಪುಟ್ಟಿ) ಹಾಕುವ ಕೆಲಸ ನಿಮಗೆಲ್ಲ ಗೊತ್ತಿರುವುದೇ. ಸ್ಲೈಡಿಂಗ್ ಬಾಗಿಲಿನ ಕೆಳಗೆ ತೂತು ಬಿದ್ದಿದ್ದ ಕಡೆ ಕಿಟಕಿ ಗ್ರಿಲ್ ಮಾಡುವವರ ಹತ್ತಿರವೇ ತಗಡು ವೆಲ್ಡ್ ಮಾಡಿಸಿದೆ, ಆಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಪ್ರೈಮರ್, ಪಟ್ಟಿ, ನೀರು ಹಾಕಿ ಉಜ್ಜುವ ವಾಟರ್ ಪೇಪರ್. ಬಣ್ಣ ಮೊದಲಿದ್ದ ಬಿಳಿಯೇ. ಬೇರೆ ಬಣ್ಣ ಹೊಡೆದರೆ ಆರ್‌ಸಿಯಲ್ಲೂ ಬದಲಾಯಿಸಬೇಕು, ಆ ಓಡಾಟ ಯಾರಿಗೆ ಬೇಕು.

ಮೊದಲು ಹಿಂದಿನ ಬಾಗಿಲಿನ ಮೇಲೆ ನೋಡಿದೆ. ಡಬ್ಬದಿಂದ ನೇರವಾಗಿ ಹೊಡೆದರೆ ರೋಲರ್ ಗುಳ್ಳೆ ಬಿಟ್ಟು ಹಾಗೇ ಒಣಗಿತು, ಮೈಯೆಲ್ಲ ಬೆವರುಸಾಲೆ ಎದ್ದಂತೆ. ಬೇಗ ಆರುವ ಎನ್‌ಸಿ ಥಿನ್ನರ್ ಹಾಕಿ ತೆಳ್ಳಗೆ ಮಾಡಿದರೆ ಇನ್ನೂ ಕೆಟ್ಟದಾಯಿತು: ಸಮ ಆಗುವ ಮೊದಲೇ ಒಣಗುತ್ತದೆ, ಕೆಳಗಿನ ಎನಾಮಲ್‌ನೂ ಕಚ್ಚಿ ಎಬ್ಬಿಸುತ್ತದೆ. ಎರಡೂ ಸಲ ಕೆರೆದು ತಗಡಿಗೆ ಬಂದೆ. ಕೊನೆಗೆ ದಾರಿ ಸಿಕ್ಕಿದ್ದು ಬರೀ ಟರ್ಪೆಂಟೈನ್‌ನಲ್ಲಿ, ಅದೂ ಹೆಚ್ಚುಕಡಿಮೆ ಪೇಂಟಿನಷ್ಟೇ, ಹಾಲಿನಷ್ಟು ತೆಳ್ಳಗೆ ಆಗುವವರೆಗೆ. ಹಳೇ ಪಂಚೆ ಬಟ್ಟೆಯಲ್ಲಿ ಸೋಸಿಯೇ ಟ್ರೇಗೆ ಹಾಕಬೇಕು. ಮೊದಲ ಕೋಟು ಹೊಡೆದಾಗ ಏನೂ ಹೊಡೆದಿಲ್ಲ ಅನ್ನಿಸುತ್ತದೆ, ಪಟ್ಟಿ, ಆಕ್ಸೈಡ್ ಎಲ್ಲ ಕಾಣುತ್ತವೆ. ಹೆದರಿ ದಪ್ಪ ಹೊಡೆಯುವುದು ಇಲ್ಲೇ, ಕೆಡುವುದೂ ಇಲ್ಲೇ. ಎರಡು ಕೋಟು, 800 ನಂಬರಿನ ವಾಟರ್ ಪೇಪರ್‌ನಲ್ಲಿ ನೀರು ಹಾಕಿ ಉಜ್ಜು, ಮತ್ತೆ ಎರಡು. ಹೀಗೆ ಆರು ಕೋಟು, ಮೇಲ್ಛಾವಣಿಗೆ ಇನ್ನೊಂದೆರಡು ಜಾಸ್ತಿ. ಕೊನೆ ಎರಡು ಕೋಟಿಗೆ ಟರ್ಪೆಂಟೈನ್ ಜೊತೆ ಇನ್ನೊಂದು ಪದಾರ್ಥ ಸೇರಿಸಿದೆ, ಹೊಳಪು ಬಂದಿದ್ದು ಅದರಿಂದಲೇ. ಅದನ್ನು ಮಾತ್ರ ಕೇಳಬೇಡಿ.

ಹವಾಮಾನದ್ದೂ ಒಂದು ಕಥೆ ಇದೆ. ಜನವರಿಯಲ್ಲಿ ಸಂಜೆ ಹೊರಗೆ ಹೊಡೆದಿದ್ದ ಒಂದು ಕಡೆ ರಾತ್ರಿ ಇಬ್ಬನಿಗೆ ಮಂಕಾಗಿ, ಸುಣ್ಣ ಬಳಿದಂತೆ ಕಂಡಿತು. ಫೆಬ್ರವರಿವರೆಗೆ ಕಾದೆ, ಬೆಳಿಗ್ಗೆ ಮಾತ್ರ ಹೊಡೆದೆ. ಏಪ್ರಿಲ್ ಬಿಸಿಲಲ್ಲಿ ತಗಡು ಕಾದರೆ ರೋಲರ್ ಎಳೆಯುತ್ತದೆ, ಆಗಲೂ ಬೇಡ. ಧೂಳಿಗೆ ನಾನು ಕಂಡುಕೊಂಡ ಉಪಾಯ ಮಾತ್ರ ಯಾವ ಪೇಂಟ್ ಬೂತಿಗೂ ಕಡಿಮೆ ಇಲ್ಲ: ರೇಷ್ಮೆ ಹುಳದ ಮನೆ! ಬೆಳೆ ಮುಗಿದು ಖಾಲಿ ಇತ್ತು. ರೇಷ್ಮೆ ಹುಳವನ್ನು ಕಾಡುವ ಊಜಿ ನೊಣಕ್ಕೆ ಅಂತ ಕಿಟಕಿಗೆಲ್ಲ ಬಲೆ ಇದ್ದೇ ಇರುತ್ತದೆ, ನೆಲಕ್ಕೆ ನೀರು ಹಾಕಿದರೆ ಧೂಳು ಏಳುವುದಿಲ್ಲ. ಕನ್ನಡಿ ಮಡಚಿ ಗಾಡಿ ಒಳಗೆ ನುಗ್ಗಿಸಿದಾಗ ಎರಡು ಕಡೆ ನಾಲ್ಕು ಬೆರಳು ಜಾಗ ಉಳಿದಿತ್ತು. ಆದರೆ ವಾಸನೆ ಪೂರ್ತಿ ಹೋಗುವವರೆಗೆ ಹುಳ ಇಳಿಸುವ ಹಾಗಿಲ್ಲ, ಪೇಂಟಿನ ಗಾಳಿಗೆ ಸಾಯುತ್ತವೆ. ಒಂದು ಬೆಳೆ ತಡ ಆಯಿತು ಅಂತ ಮನೆಯಲ್ಲಿ ಇವತ್ತಿಗೂ ಲೆಕ್ಕ ಹೇಳುತ್ತಾರೆ. ಆ ದುಡ್ಡು ಸೇರಿಸಿದರೆ ಪೇಂಟರೇ ಅಗ್ಗ ಅಂತೆ. ಅದನ್ನು ನಾನು ಸೇರಿಸುವುದಿಲ್ಲ.

ನನ್ನ ಲೆಕ್ಕ, ನೆನಪಿದ್ದಷ್ಟು: ಎನಾಮಲ್ ಎರಡೂವರೆ ಲೀಟರ್ 900ರ ಹತ್ತಿರ, ಟರ್ಪೆಂಟೈನ್ 400, ಪಟ್ಟಿ ಮತ್ತು ಆಕ್ಸೈಡ್ ಸೇರಿ 550, ವಾಟರ್ ಪೇಪರ್ 500, ರೋಲರು, ಟೇಪು 450, ವೆಲ್ಡಿಂಗ್ 800, ಪಾಲಿಶ್ ಮಾಡುವ ರಬ್ಬಿಂಗ್ ಕಾಂಪೌಂಡ್ 250. ಬೆಂಗಳೂರಿನ ಜೆ.ಸಿ. ರೋಡಿನಿಂದ ಹೊಸ ರಬ್ಬರ್ ಬೀಡಿಂಗ್ ತಂದಿದ್ದು 900. ರೋಲರ್‌ನಲ್ಲಿ ಉಳಿಸಬೇಡಿ, ಅಗ್ಗದ ಫೋಮ್ ಟರ್ಪೆಂಟೈನ್‌ಗೆ ಉಬ್ಬಿ ಚೂರುಚೂರಾಗಿ ಪೇಂಟಿಗೆ ಅಂಟಿಕೊಳ್ಳುತ್ತದೆ.

ಕೈಯಲ್ಲಿ ಪೇಂಟ್ ಉಳಿದಿದ್ದಕ್ಕೆ ಟಿವಿಎಸ್ ಎಕ್ಸೆಲ್ ಟ್ಯಾಂಕಿಗೂ ಹೊಡೆದೆ. ಚೆನ್ನಾಗೇ ಬಂತು. ಬಂಕಿನಲ್ಲಿ ಪೆಟ್ರೋಲ್ ಚೆಲ್ಲಿದ ದಿನ ಮುಚ್ಚಳದ ಸುತ್ತ ಮೆತ್ತಗಾಗಿ ಬೆರಳಿಗೇ ಬಂತು. ಟ್ಯಾಂಕಿಗೆ ಎನಾಮಲ್ ಬೇಡವೇ ಬೇಡ. ಓಮ್ನಿಯ ಪ್ಲಾಸ್ಟಿಕ್ ಬಂಪರಿಗೂ ನಿಲ್ಲಲಿಲ್ಲ, ಉಗುರಲ್ಲಿ ಕೆರೆದರೆ ಸಿಪ್ಪೆ ಎದ್ದಿತು, ಅದನ್ನು ಕಪ್ಪಾಗೇ ಬಿಟ್ಟೆ. ಬಾಗಿಲಿನ ಒಂದು ಗೀರಿಗೆ ಸ್ಪ್ರೇ ಕ್ಯಾನ್ ಹೊಡೆದು ನೋಡಿದೆ, ಎನಾಮಲ್ ಸುಕ್ಕುಗಟ್ಟಿತು. ಟಚಪ್‌ಗೂ ಅದೇ ಡಬ್ಬ, ಅದೇ ಟರ್ಪೆಂಟೈನ್.

ಪಾಲಿಶ್‌ಗೆ ಅವಸರ ಬೇಡ. ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಹಸಿ ಇರುತ್ತದೆ. ತಿಂಗಳ ಮೇಲೆ ಬಿಟ್ಟು 1500, 2000 ನಂಬರಿನ ಪೇಪರ್, ಆಮೇಲೆ ಕಾಂಪೌಂಡ್, ಅದೂ ಕೈಯಲ್ಲಿ. ಮಷೀನ್ ಬಿಸಿಗೆ ಪೇಂಟ್ ಎಳೆದುಕೊಂಡು ಬರುತ್ತದೆ. ಬಿಳಿ ಎನಾಮಲ್ ಹಳದಿ ಆಗುತ್ತೆ ಅಂತಾರಲ್ಲ, ನಿಜ. ಆದರೆ ಬಿಸಿಲು ಬೀಳದ ಬಾಗಿಲಿನ ಒಳ ಅಂಚಿನಲ್ಲಿ ಮಾತ್ರ ಆಗಿದೆ, ಹೊರಗೆ ಇನ್ನೂ ಬೆಳ್ಳಗಿದೆ.

ನರಸಾಪುರದ ಫ್ಯಾಕ್ಟರಿಯೊಂದರ ಪೇಂಟ್ ಶಾಪಿನಲ್ಲಿರುವ ಅಕ್ಕನ ಮಗ ಬಾನೆಟ್ ಮೇಲೆ ಕೈಯಾಡಿಸಿ, "ಎಲ್ಲಿ ಸ್ಪ್ರೇ ಮಾಡಿಸಿದೆ ಮಾವ?" ಅಂದ. ಹತ್ತಿರ ಬಗ್ಗಿ ನೋಡಿದರೆ ಛಾವಣಿಯಲ್ಲಿ ರೋಲರ್ ಗುರುತು ಇದೆ, ಅವನಿಗೆ ತೋರಿಸಲಿಲ್ಲ. ರಿನ್ಯೂವಲ್ಲೂ ಆಯಿತು. ಹಪ್ಪಳ ಅಂದಿದ್ದ ಪೇಂಟರು ಮೊನ್ನೆ ಟರ್ಪೆಂಟೈನ್ ಎಷ್ಟು ಹಾಕಿದೆ ಅಂತ ಕೇಳಿದರು, ಅದನ್ನು ಹೇಳಿದೆ, ಇನ್ನೊಂದನ್ನು ಹೇಳಲಿಲ್ಲ. ಮುಂದಿನ ಫೆಬ್ರವರಿಗೆ ಭಾವನ ಟ್ರೇಲರ್ ಇದೆ, ಗಾಢ ನೀಲಿ. ಆ ಬಣ್ಣದಲ್ಲಿ ಗೀರು ಜಾಸ್ತಿ ಕಾಣುತ್ತದೆ, ಹಾಗಾಗಿ 800 ಬಿಟ್ಟು ಇನ್ನೂ ನಯವಾದ 1000ದಲ್ಲೇ ಉಜ್ಜೋಣ ಅಂತಿದ್ದೇನೆ.