ಟ್ಯೂಬ್ ಶ್ವಾಸನಾಳಕ್ಕೇ ಹೋಗಿದ್ಯಾ? ಗ್ರಾಫ್ ನೋಡಿ, ಆಮೇಲೆ ಸ್ಟೆತ್

ಅರಿವಳಿಕೆ ಕೊಟ್ಟು ಉಸಿರಾಟದ ಟ್ಯೂಬ್ ಹಾಕಿದ ಕೂಡ್ಲೇ, ಅದು ಶ್ವಾಸನಾಳಕ್ಕೆ ಹೋಗಿದ್ಯಾ ಅನ್ನನಾಳಕ್ಕೆ ಹೋಗಿದ್ಯಾ ಅಂತ ಗ್ರಾಫ್ ನೋಡ್ದೇನೇ, ಸ್ಟೆತ್ ಇಟ್ಟು "ಏರ್ ಎಂಟ್ರಿ ಚೆನ್ನಾಗಿದೆ ಸರ್" ಅಂದ್ಬಿಡೋ ಪಿಜಿಗಳನ್ನ (ಸ್ನಾತಕೋತ್ತರ ಓದ್ತಿರೋ ಡಾಕ್ಟರುಗಳನ್ನ) ನೋಡಿ ನೋಡಿ ಇದನ್ನ ಬರೀತಿದೀನಿ.

ಮೊದಲನೇ ಕೆಲಸ ಟ್ಯೂಬ್ ಹಾಕೋಕೆ ಮುಂಚೇನೇ. ಕ್ಯಾಪ್ನೋಗ್ರಾಫ್ (ಬಿಟ್ಟ ಉಸಿರಲ್ಲಿರೋ ಕಾರ್ಬನ್ ಡೈಆಕ್ಸೈಡನ್ನ ಗ್ರಾಫಾಗಿ ತೋರ್ಸೋ ಮಷೀನ್) ಆನ್ ಮಾಡಿ, ಅದಕ್ಕೆ ಉಸಿರಿನ ಸ್ಯಾಂಪಲ್ ಎಳೆಯೋ ಸಣ್ಣ ಪೈಪನ್ನ (ಸ್ಯಾಂಪ್ಲಿಂಗ್ ಲೈನ್) ಮಾಸ್ಕ್‌ಗೇ ಸೇರಿಸಿ, ಆಕ್ಸಿಜನ್ ಕೊಡೋವಾಗ್ಲೇ ರೋಗಿಯ ಉಸಿರಿನ ಗ್ರಾಫ್ ಬರ್ತಿದ್ಯಾ ನೋಡ್ಕೊಳಿ. ತೊಳೆದು ಒಣಗಿಸಿ ಮತ್ತೆ ಹಾಕಿದ ಹಳೇ ಲೈನ್ ಬೇಡ, ಒಳಗೆ ನೀರು ಕೂತು ಬ್ಲಾಕ್ ಆಗುತ್ತೆ.

ಟ್ಯೂಬ್ ಹಾಕಿ, ಕಫ್ (ಟ್ಯೂಬ್ ತುದಿ ಹತ್ರದ ಬಲೂನು) ಊದಿ, ಬ್ಯಾಗ್ ಒತ್ತಿ.

ಈಗ ಕಣ್ಣು ಮಾನಿಟರ್ ಮೇಲೆ. ಒಂದೆರಡು ಉಬ್ಬು ಬಂತು ಅಂತ ಖುಷಿ ಪಡ್ಬೇಡಿ, ಮಾಸ್ಕಲ್ಲಿ ಒತ್ತಿದ ಗಾಳಿನೋ ಕುಡಿದ ಸೋಡಾನೋ ಹೊಟ್ಟೇಲಿದ್ರೆ ಅನ್ನನಾಳದಿಂದ್ಲೂ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಬಂದು ಆಮೇಲೆ ಕರಗಿ ಹೋಗುತ್ತೆ. ಕನಿಷ್ಠ 7 ಉಸಿರು ನೋಡಿ: ಉಸಿರು ಬಿಟ್ಟಾಗ ಏರ್ಬೇಕು, ಎಳೆದಾಗ ಇಳೀಬೇಕು, ತುದಿ ತಳಕ್ಕಿಂತ 7.5 ಎಂಎಂ ಎಚ್‌ಜಿ (ಪಾದರಸದ ಮಟ್ಟ) ಆದ್ರೂ ಮೇಲಿರ್ಬೇಕು, ಬರ್ತಾ ಬರ್ತಾ ಸಣ್ಣ ಆಗ್ಬಾರ್ದು. ಗೆರೆ ಚಪ್ಪಟೆ ಇದ್ರೆ ಎಲ್ರೂ ಹೇಳೋದು ಒಂದೇ, "ಮಷೀನ್ ಸರಿಯಿಲ್ಲ". ಈಗ ತಾನೇ ಮಾಸ್ಕಲ್ಲಿ ಸರಿಯಿತ್ತಲ್ಲ? ಹೃದಯ ನಿಂತಿದ್ರೂ ಸಿಪಿಆರ್ (ಎದೆ ಒತ್ತೋದು) ಸರಿಯಾಗಿ ನಡೀತಿದ್ರೆ ಸಣ್ಣ ಉಬ್ಬುಗಳಾದ್ರೂ ಕಾಣುತ್ತೆ, ಪೂರ್ತಿ ಚಪ್ಪಟೆ ಆಗಲ್ಲ. ಟ್ಯೂಬ್ ತೆಗೀರಿ, ಮಾಸ್ಕಲ್ಲಿ ಉಸಿರು ಕೊಡಿ. ಸ್ಯಾಚುರೇಷನ್ (ರಕ್ತದಲ್ಲಿರೋ ಆಕ್ಸಿಜನ್ ಮಟ್ಟ) 100 ಇದೆಯಲ್ಲಾ ಅಂತ ಕಾಯ್ಬೇಡಿ, ಮೊದ್ಲೇ ಆಕ್ಸಿಜನ್ ತುಂಬಿಸಿರೋದ್ರಿಂದ ಅದು ಬೀಳೋಕೆ ಎಷ್ಟೋ ನಿಮಿಷ ಹಿಡಿಯುತ್ತೆ. ಟ್ಯೂಬ್ ಒಳಗೆ ಮಂಜು ಕಟ್ಟೋದು ಅನ್ನನಾಳದಲ್ಲೂ ಆಗುತ್ತೆ, ಅದನ್ನ ಲೆಕ್ಕಕ್ಕೇ ತಗೋಬೇಡಿ.

ಬಣ್ಣ ಬದಲಾಗೋ ಡಿಟೆಕ್ಟರ್ ಇದ್ಯಲ್ಲ, ನೇರಳೆಯಿಂದ ಹಳದಿಗೆ ತಿರುಗೋದು, ಅದು ಪ್ರತಿ ಉಸಿರಿಗೂ ಹೋಗಿ ಬಂದ್ರೆ ಮಾತ್ರ ನಂಬಿ, ಹೊಟ್ಟೆ ಆಸಿಡ್ ತಾಗಿದ್ರೆ ಹಳದೀಲೇ ನಿಂತ್ಬಿಡುತ್ತೆ. ರಬ್ಬರ್ ಬಲ್ಬ್ ಅಮುಕಿ ಟ್ಯೂಬಿಗೆ ಸಿಗಿಸಿದಾಗ ತಟ್ಟನೆ ಉಬ್ಬಿದ್ರೆ ಶ್ವಾಸನಾಳ, ಅನ್ನನಾಳ ಆದ್ರೆ ಗೋಡೆ ಒಳಗೆಳ್ಕೊಂಡು ಬಲ್ಬ್ ಚಪ್ಪಟೆಯಾಗೇ ಇರುತ್ತೆ. ಆದ್ರೆ ದಪ್ಪಗಿರೋರಲ್ಲಿ, ಗರ್ಭಿಣಿಯರಲ್ಲಿ ಸರಿ ಟ್ಯೂಬನ್ನೂ ತಪ್ಪು ಅನ್ನುತ್ತೆ, 1 ವರ್ಷದೊಳಗಿನ ಮಕ್ಕಳಿಗೆ ಬೇಡ್ವೇ ಬೇಡ. ಎರಡೂ ಡಬ್ಬೀಲಿ ಇರ್ಲಿ, ಗ್ರಾಫ್ ಇರೋ ಓಟೀಲಿ ಮುಟ್ಟೋದು ಬೇಡ.

ಗ್ರಾಫ್ ಸರಿ ಬಂದ್ಮೇಲೆ ಸ್ಟೆತ್ ತಗೊಳಿ. ಟ್ಯೂಬ್ ಬಲ ಶ್ವಾಸಕೋಶಕ್ಕೆ ಮಾತ್ರ ಜಾರಿದ್ರೂ ಗ್ರಾಫ್ ಚೆನ್ನಾಗೇ ಇರುತ್ತೆ, ಅದಕ್ಕೇ ಎರಡೂ ಕಂಕುಳ ಕೆಳಗೆ ಕೇಳಿ. ಹಲ್ಲಿನ ಹತ್ರ ಹೆಂಗಸರಿಗೆ 21, ಗಂಡಸರಿಗೆ 23 ಸೆಂಟಿಮೀಟರ್ ಸುಮಾರಿಗೆ ನಿಲ್ಲಿಸಿ ಪ್ಲಾಸ್ಟರ್ ಹಾಕಿ. ರೋಗೀನ ಬೋರಲು ಮಲಗಿಸಿದ್ರೆ ಗ್ರಾಫ್, ಎರಡೂ ಕಡೆ ಸದ್ದು, ಹಲ್ಲಿನ ಹತ್ರದ ನಂಬರ್ ಮತ್ತೆ ನೋಡಿ.