ದೂರು ಮೆಂಬರರ ಮೇಲೆ, ಬಯಲಾದದ್ದು ದೂರಿದವರ ಮನೆ

ನಮ್ಮೂರಿನ ಒಬ್ಬ ಅಜ್ಜಿಗೆ ಬಂದ ವಿಚಾರಣೆಯ ನೋಟೀಸು ಮಲಯಾಳದಲ್ಲಿತ್ತು. ಅಜ್ಜಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಓದಿಸಿಕೊಳ್ಳಲಿಕ್ಕೆ ಅಂತ ಅವರು ಅದನ್ನು ಸೀದಾ ವಾರ್ಡ್ ಮೆಂಬರರ ಮನೆಗೆ ತೆಗೆದುಕೊಂಡು ಹೋದರು. ಸರ್ಕಾರದ ಯಾವ ಕಾಗದ ಬಂದರೂ ಅಜ್ಜಿಗೆ ಓದಿ ಹೇಳುತ್ತಿದ್ದದ್ದು ಅವರೇ. ಈ ಸಲದ ಕಾಗದ ಮಾತ್ರ ಆ ಮೆಂಬರರ ಮೇಲೆಯೇ ಅಜ್ಜಿಯೂ ಸೇರಿ ಎಂಟು ಜನ ಕೊಟ್ಟ ದೂರಿನದ್ದು.

ಆ ದೂರು ಬರೆದವನು ನಾನು.

ಕನ್ನಡ ಮಾಧ್ಯಮ ಶಾಲೆಯಲ್ಲಿ ಮಾಷ್ಟ್ರಾಗಿದ್ದವನು. ನಿವೃತ್ತಿಯಾದ ಮೇಲೆ ಮಂಜೇಶ್ವರ ತಾಲೂಕಿನ ನಮ್ಮ ಪೇಟೆಯಲ್ಲಿ ಜನರಿಗೆ ಅರ್ಜಿ ಬರೆದುಕೊಡುತ್ತೇನೆ. ದುಡ್ಡಿಗಲ್ಲ. ಬಾಳೆಗೊನೆ ತಂದರೆ ಬೇಡ ಅನ್ನುವುದಿಲ್ಲ, ಅಷ್ಟೆ. ಕೇರಳದ ಅಧಿಕೃತ ಭಾಷಾ ಕಾನೂನಿನ ಪ್ರಕಾರ ನಾವು ಕನ್ನಡದಲ್ಲೇ ಅರ್ಜಿ ಕೊಡಬಹುದು. ಕೊಡುತ್ತೇವೆ ಕೂಡ. ಆದರೆ ಅದನ್ನು ಯಾರೋ ಒಬ್ಬರು ಮಲಯಾಳಕ್ಕೆ ಮಾಡಬೇಕು. ಉತ್ತರ ಬಂದಾಗ ಇನ್ಯಾರೋ ಕನ್ನಡದಲ್ಲಿ ಓದಿ ಹೇಳಬೇಕು. ಬೇರೆ ಊರಲ್ಲಿ ಒಂದು ದೂರನ್ನು ಇಬ್ಬರು ಓದಿದರೆ ನಮ್ಮಲ್ಲಿ ನಾಲ್ಕು ಜನ ಓದುತ್ತಾರೆ. ಈ ಲೆಕ್ಕ ನನಗೆ ಹೊಳೆದದ್ದು ಪೆಟ್ಟು ತಿಂದ ಮೇಲೆ.

ಪಂಚಾಯತಿನ ಹೆಸರು ಹೇಳುವುದಿಲ್ಲ. ದೂರು ಇದ್ದದ್ದು ಮನೆ ರಿಪೇರಿ ಸಹಾಯಧನದ ಪಟ್ಟಿಯ ಮೇಲೆ. ತೂಕ ಇರಲಿ ಅಂತ ಎಂಟು ಜನರ ಆಧಾರ್, ರೇಷನ್ ಕಾರ್ಡು, ಫೋನ್ ನಂಬರು, ಒಂದು ಮನೆಯ ಹುಡುಗನ ವೈದ್ಯಕೀಯ ಸರ್ಟಿಫಿಕೇಟು, ಎಲ್ಲ ಸೇರಿಸಿ ಹೊಲಿದೆ. ಒಟ್ಟು 23 ಪುಟ. ಒಬ್ಬರ ಮೇಲೆ ದೂರು ಬಂದರೆ ಪ್ರತಿಯನ್ನು ಅವರಿಗೂ ಕೊಟ್ಟು ಉತ್ತರ ಕೇಳಬೇಕಾಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆರೋಪ ಏನು ಅಂತ ಗೊತ್ತಾಗದೆ ಅವರಾದರೂ ಏನು ಉತ್ತರ ಕೊಡುತ್ತಾರೆ? ಆದರೆ ಬರೆಯುವಾಗ ನನ್ನ ತಲೆಯಲ್ಲಿ ಇದ್ದದ್ದು ಮೇಲಿನ ಸಾಹೇಬರು ಮಾತ್ರ. ಮೆಂಬರರೂ ಓದುತ್ತಾರೆ ಅಂತ ಹೊಳೆದೇ ಇರಲಿಲ್ಲ.

ಪ್ರತಿ ಹೋಯಿತು. 23 ಪುಟವೂ ಹೋಯಿತು. ವಾರದೊಳಗೆ ಅದರ ಎರಡು ಪುಟ ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂತು. ಹಾಕಿದ್ದು ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಮೆಂಬರರೇ ಅಂತ ಹೇಳಲಿಕ್ಕೂ ನಾನು ತಯಾರಿಲ್ಲ. ಒಂದು ಪುಟ ಗುಲಾಬಿ ರೇಷನ್ ಕಾರ್ಡು, ಅಂದರೆ ಬಡ ಕುಟುಂಬಗಳಿಗೆ ಕೊಡುವ ಆದ್ಯತೆಯ ಕಾರ್ಡು. ‘ಮನೆ ಎದುರು ಕಾರು ಉಂಟು, ಗುಲಾಬಿ ಕಾರ್ಡು ಹೇಗೆ?’ ಅಂತ ಚರ್ಚೆ ಶುರು. ಇನ್ನೊಂದು ಆ ಹುಡುಗನ ಸರ್ಟಿಫಿಕೇಟು. ಮರುದಿನ ಬೆಳಿಗ್ಗೆ ಅವನ ತಾಯಿ ಜಗಲಿಗೆ ಬಂದು ನಿಂತರು. ಕೂತ್ಕೊಳ್ಳಿ ಅಂದರೂ ಕೂರಲಿಲ್ಲ.

“ಮಾಷ್ಟ್ರೇ, ನಾವು ದೂರು ಕೊಟ್ಟದ್ದು ಮಾಡು ಸೋರುವ ವಿಷಯಕ್ಕೆ. ಮಗನ ಕಾಯಿಲೆಯ ಚೀಟಿ ಎಂತಕ್ಕೆ ಹಾಕಿದ್ದು?”

ಇರಲಿ ಅಂತ ಹಾಕಿದ್ದು. ಹಾಗಂತ ಹೇಳಲಿಕ್ಕಾಗುತ್ತದಾ? ಸುಮ್ನೆ ತಲೆ ತಗ್ಗಿಸಿದೆ.

ಅಲ್ಲಿಂದ ನನ್ನ ಕ್ರಮ ಬದಲಾಯಿತು. ಯಾವ ಕಾಗದ ಕೈಗೆ ಬಂದರೂ ಇದರಿಂದ ಯಾವ ಮಾತು ರುಜುವಾತಾಗುತ್ತದೆ ಅಂತ ಕೇಳುತ್ತೇನೆ. ಉತ್ತರ ಇಲ್ಲದಿದ್ದರೆ ಆ ಕಾಗದ ಅವರ ಚೀಲಕ್ಕೆ ವಾಪಸ್. ಗುರುತಿಗೆ ಏನಾದರೂ ಬೇಕೇ ಬೇಕು ಅಂದರೆ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್, ಅದೂ ಮುಖ್ಯ ಅರ್ಜಿದಾರರದ್ದು ಒಂದೇ.

ಹೀಗೆ ಕೇಳಲು ಶುರುಮಾಡಿದ ಮೇಲೆ ಗೊತ್ತಾದ ತಮಾಷೆ ಏನೆಂದರೆ, ಗಟ್ಟಿಯಾದ ದೂರುಗಳಿಗೆ ಊರವರ ಯಾವ ಕಾಗದವೂ ಬೇಕಾಗುವುದಿಲ್ಲ. 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ 35ನೇ ಸೆಕ್ಷನ್ ನೋಡಿ. ಅನುಮತಿ ಇಲ್ಲದೆ ಮೂರು ತಿಂಗಳು ಸತತವಾಗಿ ಮೀಟಿಂಗಿಗೆ ಬಾರದ ಮೆಂಬರರ ಸ್ಥಾನ ಹೋಗುತ್ತದೆ. ಮೂರು ತಿಂಗಳಿಗೊಮ್ಮೆ ಕರೆಯಬೇಕಾದ ಗ್ರಾಮಸಭೆಯನ್ನು ಸತತ ಎರಡು ಸಲ ಕರೆಯದಿದ್ದರೂ ಅಷ್ಟೆ. ತೀರ್ಮಾನ ರಾಜ್ಯ ಚುನಾವಣಾ ಆಯೋಗದ್ದು, ಆ ವಾರ್ಡಿನ ಮತದಾರರು ಯಾರೂ ಅರ್ಜಿ ಹಾಕಬಹುದು. ಸಾಕ್ಷಿ ಪಂಚಾಯತಿನ ಪುಸ್ತಕದಲ್ಲೇ ಇದೆ. ಅಜ್ಜಿಯ ರೇಷನ್ ಕಾರ್ಡಿಗೆ ಅಲ್ಲಿ ಏನು ಕೆಲಸ?

ಕಷ್ಟ ಆದದ್ದು ಸಹಿಯ ಪ್ರಕರಣದಲ್ಲಿ. ಗ್ರಾಮಸಭೆಗೆ ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಜನ ಸೇರಬೇಕು. 1,200 ಮತದಾರರಿದ್ದರೆ 120. ಅಷ್ಟು ಜನ ಎಲ್ಲಿ ಬರುತ್ತಾರೆ, ಅದೂ ಅಡಿಕೆ ಕೊಯ್ಲಿನ ಸಮಯದಲ್ಲಿ? ಒಂದು ವಾರ್ಡಿನ ಪುಸ್ತಕದಲ್ಲಿ ಬಾರದವರ ಸಹಿಯೂ ಇತ್ತು. ಅದರಲ್ಲೊಬ್ಬರು ಆ ದಿನ ಗಲ್ಫಿನಲ್ಲಿದ್ದರು. ಅವರು ಊರಲ್ಲಿರಲಿಲ್ಲ ಅಂತ ತೋರಿಸಲು ಪಾಸ್‌ಪೋರ್ಟ್ ಬೇಕಲ್ಲ. ಹಳೆಯ ನಾನಾಗಿದ್ದರೆ ಮೊದಲ ಪುಟದಿಂದ ಕೊನೆಯ ಪುಟದ ತನಕ ಜೆರಾಕ್ಸ್ ಮಾಡಿಸುತ್ತಿದ್ದೆ. ಕೊನೆಯ ಪುಟದಲ್ಲಿ ತಂದೆ, ತಾಯಿ, ಹೆಂಡತಿಯ ಹೆಸರು, ವಿಳಾಸ ಎಲ್ಲ ಇರುತ್ತದೆ. ಗಂಡ ಗಲ್ಫಿನಲ್ಲಿ, ಹೆಂಡತಿ ಒಬ್ಬರೇ ಈ ವಿಳಾಸದಲ್ಲಿ ಅಂತ ಊರಿಡೀ ಹಂಚಿದ ಹಾಗೆ.

ಈ ಸಲ ವಿಮಾನ ನಿಲ್ದಾಣದ ಮುದ್ರೆ ಇದ್ದ ಪುಟ ಮಾತ್ರ ತೆಗೆದೆವು. ಪುಟದಲ್ಲಿ ಪಾಸ್‌ಪೋರ್ಟ್ ನಂಬರು ತೂತಿನ ಅಂಕೆಗಳಲ್ಲಿರುತ್ತದೆ, ಅದರ ಮೇಲೆ ಒಂದು ಬಿಳಿ ಕಾಗದದ ಪಟ್ಟಿ ಇಟ್ಟು ಜೆರಾಕ್ಸ್ ಮಾಡಿದೆವು. ಅರ್ಜಿಯಲ್ಲಿ ‘ಮೂಲ ಪಾಸ್‌ಪೋರ್ಟನ್ನು ವಿಚಾರಣೆಯ ದಿನ ಅಧಿಕಾರಿಗೆ ತೋರಿಸುತ್ತೇವೆ’ ಅಂತ ಒಂದು ಸಾಲು ಬರೆದೆ. ರಜೆಗೆ ಬಂದಿದ್ದ ಅವರೇ ವಿಚಾರಣೆಗೆ ಹೋದರು. ಅಧಿಕಾರಿ ಮುದ್ರೆಯ ತಾರೀಕು ನೋಡಿ ಬರೆದುಕೊಂಡು ಪಾಸ್‌ಪೋರ್ಟ್ ಕೈಗೆ ಕೊಟ್ಟರು. ಎದುರು ಕೂತಿದ್ದ ಮೆಂಬರರು ಕುತ್ತಿಗೆ ಉದ್ದ ಮಾಡಿದರಂತೆ. ಇವರು ಅಷ್ಟರಲ್ಲಿ ಅಂಗಿಯ ಕಿಸೆಗೆ ಹಾಕಿಯಾಗಿತ್ತು.

ಪಟ್ಟಿ ಇಡುವುದು ಯಾಕೆ ಅಂದರೆ, ಕಪ್ಪು ಮಾರ್ಕರನ್ನು ನಂಬಿ ನಾನು ಕೆಟ್ಟಿದ್ದೇನೆ. ಹೊಡೆದ ಕಾಗದವನ್ನು ಕಿಟಕಿಗೆ ಹಿಡಿದರೆ ಕೆಳಗಿನ ಅಕ್ಷರ ಚೆನ್ನಾಗಿ ಕಾಣುತ್ತದೆ. ಮಾರ್ಕರ್ ಹೊಡೆದರೆ ಅದನ್ನು ಮತ್ತೊಮ್ಮೆ ಜೆರಾಕ್ಸ್ ಮಾಡಿ ಆ ಎರಡನೆಯದನ್ನು ಕೊಡಬೇಕು. ಕಂಪ್ಯೂಟರಿನಲ್ಲಿ ಪಿಡಿಎಫ್ ಮೇಲೆ ಕಪ್ಪು ಚೌಕ ಇಟ್ಟರೆ ಎಷ್ಟೋ ಸಲ ಅಡಿಯ ಅಕ್ಷರ ಹಾಗೆಯೇ ಉಳಿದಿರುತ್ತದೆ, ಕಾಪಿ ಮಾಡಿದರೆ ಎದ್ದು ಬರುತ್ತದೆ. ಅದಕ್ಕೇ ಪ್ರಿಂಟ್ ತೆಗೆದು, ಮುಚ್ಚಿ, ಸ್ಕ್ಯಾನ್ ಮಾಡುವುದು.

ಹೆಸರು ಮುಚ್ಚಿದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ‘ಭಜನಾ ಮಂದಿರದ ಹಿಂದಿನ ಹಂಚಿನ ಮನೆಯ ವಿಧವೆ’ ಅಂತ ಬರೆದರೆ ನಮ್ಮ ವಾರ್ಡಿನಲ್ಲಿ ಮಕ್ಕಳಿಗೂ ಗೊತ್ತು ಅದು ಯಾರು ಅಂತ. ಎಂಡೋಸಲ್ಫಾನ್ ಕೀಟನಾಶಕದಿಂದ ತೊಂದರೆಗೊಳಗಾದವರ ಪಟ್ಟಿಯ ಸುದ್ದಿ ತೆಗೆದರಂತೂ ಒಂದೊಂದು ವಾರ್ಡಿನಲ್ಲಿ ಬೆರಳೆಣಿಕೆಯ ಮನೆಗಳು. ಈಗ ದೂರಿನಲ್ಲಿ ‘ಒಂದನೇ ಸಾಕ್ಷಿ’, ‘ಎರಡನೇ ಸಾಕ್ಷಿ’ ಅಂತ ಮಾತ್ರ ಇರುತ್ತದೆ. ಯಾರು ಯಾರು ಅನ್ನುವ ಹಾಳೆ ಬೇರೆ, ಅದು ಮುಚ್ಚಿದ ಕವರಿನಲ್ಲಿ. ಮೇಲೆ ‘ಅಧಿಕಾರಿಗೆ ಮಾತ್ರ, ದಯವಿಟ್ಟು ಪ್ರತಿ ಕೊಡಬೇಡಿ’ ಅಂತ ಕನ್ನಡದಲ್ಲೂ ಮಲಯಾಳದಲ್ಲೂ. ಕೇಳಿಯೇ ಕೇಳುತ್ತಾರೆ ಅಂತ ಏನಿಲ್ಲ. ಆ ಮಾತನ್ನೂ ಸಾಕ್ಷಿಗಳಿಗೆ ಮೊದಲೇ ಹೇಳಿಬಿಡುತ್ತೇನೆ.

“ಹಾಗಾದರೆ ಹೆಸರೇ ಇಲ್ಲದೆ ಬರೆಯಿರಿ ಮಾಷ್ಟ್ರೇ” ಅನ್ನುವವರು ಬಹಳ. ಮೂಗರ್ಜಿ ನಾನು ಬರೆಯುವುದಿಲ್ಲ. ಅದು ಕಸದ ಬುಟ್ಟಿಗೆ ಹೋಗುವುದೇ ಜಾಸ್ತಿ, ಅಲ್ಲದೆ ಬರೆದವರು ಯಾರು ಅಂತ ಊರು ಹೇಗೂ ಊಹೆ ಮಾಡುತ್ತದೆ, ಹೆಚ್ಚಾಗಿ ತಪ್ಪಾಗಿ. ಒಬ್ಬರಾದರೂ ಹೆಸರು, ಸಹಿ ಹಾಕಿ ಮುಂದೆ ನಿಲ್ಲಲೇಬೇಕು.

ಮೆಂಬರರಿಗೂ ಒಂದು ಮನೆ ಉಂಟಲ್ವಾ? ಮಗಳು ಯಾರ ಜೊತೆ ಮದುವೆಯಾದಳು, ಅವರು ಎಲ್ಲಿ ಕುಡಿಯುತ್ತಾರೆ, ಇಂಥದ್ದನ್ನೆಲ್ಲ ದೂರಿನಲ್ಲಿ ತುರುಕಲು ಜನಕ್ಕೆ ಭಾರಿ ಉತ್ಸಾಹ. ಹೊಡೆದು ಹಾಕುತ್ತೇನೆ. ಪಂಚಾಯತಿನ ಗುತ್ತಿಗೆಯಲ್ಲಿ ಅವರ ಪಾಲಿದ್ದರೆ ಅದು ಬೇರೆ ಮಾತು.

ಈಚೆಗೆ ಮಾಹಿತಿ ಹಕ್ಕಿನ ದಾರಿ ಸ್ವಲ್ಪ ಇಕ್ಕಟ್ಟಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಿಂದಾಗಿ 2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಸೆಕ್ಷನ್ ಬದಲಾಗಿದೆ, 2025ರ ನವೆಂಬರಿನಿಂದ ಅದು ಜಾರಿಯಲ್ಲಿದೆ. ಈಗ ‘ಇದು ವೈಯಕ್ತಿಕ ಮಾಹಿತಿ’ ಅಂತ ಒಂದೇ ಸಾಲಿನಲ್ಲಿ ಕೊಡುವುದಿಲ್ಲ ಅನ್ನಬಹುದು. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಅನ್ನುವ 8(2) ಉಳಿದಿದೆ, ಅದನ್ನು ಅರ್ಜಿಯಲ್ಲೇ ಎತ್ತಿ ಬರೆಯುತ್ತೇನೆ. ಸಹಿ ಪುಸ್ತಕದ ವಿಷಯಕ್ಕೆ ನನಗೆ ಹೊಳೆದ ಉಪಾಯ ಬೇರೆ. ಇಡೀ ಪುಸ್ತಕ ಕೇಳಬಾರದು. ಯಾರ ಹೆಸರಿನಲ್ಲಿ ಸಹಿ ಬಿದ್ದಿದೆಯೋ ಅವರೇ ‘ನನ್ನ ಹೆಸರಿನ ಎದುರು ಇರುವ ಸಹಿಯ ಪ್ರತಿ ಕೊಡಿ, ಉಳಿದವರದ್ದು ಮುಚ್ಚಿ’ ಅಂತ ಹತ್ತು ರೂಪಾಯಿಯ ಅರ್ಜಿ ಹಾಕುವುದು. ಅವರ ಮಾಹಿತಿಯನ್ನು ಅವರಿಗೇ ಖಾಸಗಿ ಅಂತ ಹೇಳುವುದು ಹೇಗೆ?

ಅಂದ ಹಾಗೆ, ಆ ಅಜ್ಜಿಯ ನೋಟೀಸನ್ನು ಮೆಂಬರರು ಪೂರ್ತಿ, ಒಂದು ಅಕ್ಷರ ಬಿಡದೆ ಓದಿ ಹೇಳಿದ್ದರಂತೆ. ತಾರೀಕನ್ನು ಎರಡು ಸಲ ಹೇಳಿ, ಚಹಾ ಕೊಟ್ಟು ಕಳಿಸಿದರಂತೆ. ಈಗ ನಾನು ಅರ್ಜಿ ಕೊಟ್ಟವರಿಗೆಲ್ಲ ಉತ್ತರ ಬಂದರೆ ಲಕೋಟೆ ಒಡೆಯದೆ ಇಲ್ಲಿಗೇ ತನ್ನಿ ಅನ್ನುತ್ತೇನೆ.

2025ರ ಡಿಸೆಂಬರಿನಲ್ಲಿ ಚುನಾವಣೆ ಮುಗಿದು ಹೊಸ ಮೆಂಬರರು ಬಂದರು. ಹಳೆಯ ಫೈಲುಗಳಲ್ಲಿ ಮುಗಿದದ್ದನ್ನು ತೆಗೆದು ಮೂಲ ಕಾಗದ ಇದ್ದರೆ ಅವರವರ ಮನೆಗೆ ಕೊಟ್ಟುಬಂದೆ. ಫೋನಿನಲ್ಲಿದ್ದ ಫೋಟೋಗಳನ್ನು ಮೊಮ್ಮಗಳು ಕೂತು ಅಳಿಸಿಕೊಟ್ಟಳು. ಜೆರಾಕ್ಸ್ ಪ್ರತಿಗಳೆಲ್ಲ ಬಚ್ಚಲಿನ ಒಲೆಗೆ ಹೋದವು. ಒದ್ದೆ ಸೋಗೆಗಿಂತ ಚೆನ್ನಾಗಿ ಉರಿದವು, ಎರಡು ದಿನ ಹಂಡೆಯ ನೀರು ಬೇಗ ಕಾಯಿತು.