ಕೌನ್ಸೆಲಿಂಗ್‌ಗೆ ಹೋಗುವ ಮುಂಚೆ ತಿಳಿದಿದ್ದರೆ ಒಳ್ಳೆಯದು

ಎದೆ ಹಿಡಿದ ಹಾಗಾಗುತ್ತದೆ, ಬೆಳಗಿನ ಜಾವ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ, ಸಣ್ಣದಕ್ಕೂ ಮಕ್ಕಳ ಮೇಲೆ ರೇಗುತ್ತೇವೆ. ಗ್ಯಾಸ್ಟ್ರಿಕ್ ಇರಬೇಕು ಅಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗುವವರು ನಮ್ಮ ಮೂಡಿಗೆರೆ ಕಡೆ ಬಹಳ ಜನ. ಅಪ್ಪ ತೀರಿಕೊಂಡು ಕಾಫಿ ತೋಟದ ಜವಾಬ್ದಾರಿ ಪೂರ್ತಿ ಹೆಗಲಿಗೆ ಬಿದ್ದ ಮೇಲೆ ನನಗೂ ಇದೇ ಆಯಿತು. ಚಿಕ್ಕಮಗಳೂರಿನ ಫಿಜಿಷಿಯನ್ ಇಸಿಜಿ, ಶುಗರ್, ಥೈರಾಯ್ಡ್ ಎಲ್ಲ ಮಾಡಿಸಿದರು. ಥೈರಾಯ್ಡ್ ಹೆಚ್ಚಾದರೂ ಎದೆ ಹೊಡೆದುಕೊಳ್ಳುತ್ತದೆ, ಹಾಗಾಗಿ ಈ ಪರೀಕ್ಷೆಗಳು ಬೇಕೇ ಬೇಕು. ಎಲ್ಲ ಸರಿಯಿದೆ ಎಂದಾದ ಮೇಲೆ ಅವರೇ ಆಪ್ತಸಮಾಲೋಚಕರ, ಅಂದರೆ ಕೌನ್ಸೆಲರ್ ಹತ್ತಿರ ಕಳಿಸಿದರು. “ಜನ ಏನಂದುಕೊಂಡಾರು ಕಣೋ” ಅಂತ ಅಮ್ಮ ಅಳುಕಿದರು. ಎಂ.ಜಿ. ರಸ್ತೆಯಲ್ಲಿ ಗುರುತಿನವರು ಸಿಗದೆ ನೂರು ಹೆಜ್ಜೆ ನಡೆಯಲಾಗದ ಊರು ನಮ್ಮದು, ಅವರ ಅಳುಕು ನನಗೂ ಇತ್ತು.

ಮೊದಲ ಭೇಟಿ ಮುಕ್ಕಾಲು ಗಂಟೆ. ಬಹುಪಾಲು ಪ್ರಶ್ನೆಗಳೇ: ನಿದ್ದೆ, ಊಟ, ಕುಡಿತ, ಮನೆಯಲ್ಲಿ ಯಾರ್‍ಯಾರು, ಯಾವಾಗಿನಿಂದ ಹೀಗೆ. ಕಳೆದ ಎರಡು ವಾರ ಹೇಗಿದ್ದಿರಿ ಎಂದು ಕೇಳುವ ಒಂಬತ್ತು ಪ್ರಶ್ನೆಗಳ ಫಾರಂ ತುಂಬಿಸಿಕೊಂಡರು. ಕೊನೆಯ ಪ್ರಶ್ನೆ ಸಾಯುವ ಯೋಚನೆ ಬರುತ್ತದೆಯೇ ಎಂಬುದು. ಅದನ್ನು ಮೇಡಂ ಬಾಯಿಬಿಟ್ಟೂ ಕೇಳಿದರು. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಇದ್ದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ನಿಮ್ಮನ್ನು ಕೇಳಿದರೆ ಮುಚ್ಚಿಡದೆ ಹೇಳಿ.

ನೀವೂ ಕೇಳಬೇಕು. ಏನು ಓದಿದ್ದೀರಿ, ಫೀಸೆಷ್ಟು, ಎಷ್ಟು ದಿನಕ್ಕೊಮ್ಮೆ ಬರಬೇಕು, ನಾನು ಹೇಳಿದ್ದು ಹೊರಗೆ ಹೋಗುತ್ತದೆಯೇ. ನನಗೆ ಕೊನೆಯದೇ ಮುಖ್ಯವಾಗಿತ್ತು. ನಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದ್ದರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯವಿದ್ದರೆ ಗುಟ್ಟು ಉಳಿಯುವುದಿಲ್ಲ, ಉಳಿದದ್ದು ಈ ಕೋಣೆ ದಾಟುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಚಿಕಿತ್ಸೆಯ ವಿವರ ಗೋಪ್ಯವಾಗಿರುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಕೊಟ್ಟಿದೆ.

“ಏನು ಮಾಡಬೇಕು ಅಂತ ಹೇಳಿಬಿಡಿ ಮೇಡಂ” ಅಂದೆ. “ನಿಮ್ಮ ಮನೆ, ನಿಮ್ಮ ತೋಟ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಇನ್ನೂ ಸ್ವಲ್ಪ ಕೇಳ್ತೀನಿ, ಆಮೇಲೆ ಇಬ್ಬರೂ ಸೇರಿ ನೋಡೋಣ” ಅಂದರು. ಬುದ್ಧಿಮಾತು ಕೇಳಲು ಹೋದವರಿಗೆ ಇದು ನಿರಾಸೆಯೇ. ಮೊದಮೊದಲು ಮನೆಗೆ ಬರುವಾಗ ಇನ್ನಷ್ಟು ಭಾರ, ಸುಸ್ತು ಅನಿಸುತ್ತಿತ್ತು. ಇದು ಹಲವರಿಗೆ ಆಗುತ್ತದಂತೆ. ಅಷ್ಟಕ್ಕೇ ಬಿಟ್ಟುಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ನನಗೆ ಕೆಲಸ ಮಾಡಿದ್ದು ಒಂದು ನೋಟ್‌ಬುಕ್. ಏನಾಯಿತು, ಮನಸ್ಸಿಗೆ ಏನು ಬಂತು, ಮೈಗೆ ಏನಾಯಿತು, ಅದು ಹತ್ತಕ್ಕೆ ಎಷ್ಟು ಜೋರಾಗಿತ್ತು, ಇಷ್ಟನ್ನು ಆಗಿಂದಾಗ ಬರೆಯಬೇಕು. ಕೊಯ್ಲಿನ ಒಂದು ಬೆಳಿಗ್ಗೆ ಬರೆದದ್ದು: ‘ರೈಟರ್ (ತೋಟದ ಮೇಸ್ತ್ರಿ-ಗುಮಾಸ್ತ) ಫೋನ್, ಆಳು ಬಂದಿಲ್ಲ. ಹಣ್ಣೆಲ್ಲ ಗಿಡದಲ್ಲೇ ಒಣಗುತ್ತೆ, ಅಪ್ಪ ಇದ್ದಿದ್ದರೆ ಹೀಗಾಗ್ತಿರಲಿಲ್ಲ. ಎದೆ ಬಿಗಿ, ಹತ್ತಕ್ಕೆ ಎಂಟು.’ ಮೇಡಂ ಅದನ್ನೋದಿ, “ಕೊನೆಗೆ ಏನಾಯ್ತು?” ಎಂದರು. ಕೊಯ್ಲು ನಾಲ್ಕು ದಿನ ತಡವಾಗಿ ಮುಗಿದಿತ್ತು. “ಅಪ್ಪನ ಕಾಲದಲ್ಲಿ ಆಳು ತಪ್ಪಿದ್ದೇ ಇಲ್ವಾ?” ಎಷ್ಟೋ ಸಲ ತಪ್ಪಿತ್ತು, ಆಗೆಲ್ಲ ಅಪ್ಪನೂ ಕಣದಲ್ಲಿ ಕೂತು ಒದ್ದಾಡಿದ್ದನ್ನು ನಾನೇ ನೋಡಿದ್ದೆ. ಅದನ್ನು ಹೇಳುತ್ತಾ, ಅಪ್ಪ ಹೋದ ಮೇಲೆ ಮೊದಲ ಸಲ ಇನ್ನೊಬ್ಬರೆದುರು ಅತ್ತೆ. ಅವರು ಸಮಾಧಾನ ಮಾಡಲು ಆತುರಪಡಲಿಲ್ಲ. ಸುಮ್ಮನೆ ಕೂತಿದ್ದರು.

ಆಪ್ತಸಮಾಲೋಚಕರು ಮಾತ್ರೆ ಬರೆಯುವಂತಿಲ್ಲ, ಅದು ಮನೋವೈದ್ಯರ ಕೆಲಸ. ನಿದ್ದೆ ಸುಧಾರಿಸದಿದ್ದಾಗ ನನ್ನನ್ನೂ ಅವರ ಹತ್ತಿರ ಕಳಿಸಿದರು. ಖಿನ್ನತೆ, ಆತಂಕಕ್ಕೆ ಕೊಡುವ ಬಹುಪಾಲು ಮಾತ್ರೆಗಳು ಗುಣ ತೋರಲು ಕೆಲವು ವಾರ ಹಿಡಿಯುತ್ತವೆ, ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಕೆಲವು ಭೇಟಿಗಳ ನಂತರವೂ ಮನಸ್ಸು ಬಿಚ್ಚಲಾಗದಿದ್ದರೆ ಬೇರೆ ಸಮಾಲೋಚಕರನ್ನು ನೋಡಬಹುದು, ಅದಕ್ಕೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.

ದುಡ್ಡಿನ ಚಿಂತೆಯಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಮಂಗಳವಾರ ಕ್ಲಿನಿಕ್ ನಡೆಸುತ್ತಾರೆ. ಹೋಗಲು ಧೈರ್ಯ ಸಾಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.